ಮೊದಲು ಅಂಗಳ, ಆಮೇಲೆ ಔಷಧಿ: ಜಂಫಾರಾದ ಸೀಸ ವಿಷ ಪ್ರಕರಣ

ಮಕ್ಕಳಿಗೆ ಸೀಸದ ವಿಷ ಏರುವ ಮಾತು ಬಂದಾಗಲೆಲ್ಲ ಹಳೇ ಪೇಂಟು, ಹಳೇ ಪೈಪು, ಬ್ಯಾಟರಿ ಒಡೆಯುವ ಜಾಗ, ಇವೇ ಬರುತ್ತವೆ. ತಪ್ಪೇನಿಲ್ಲ. ಆದರೆ ಊರಿಗೆ ಊರೇ ವಿಷ ಉಂಡು, ಆಮೇಲೆ ಅದೇ ಊರಿನ ಜನ ಗುದ್ದಲಿ ಹಿಡಿದು ಆ ವಿಷವನ್ನು ಅಗೆದು ಹೊರಗೆ ಹಾಕಿದ ಪ್ರಕರಣ ಒಂದಿದೆ. ನೈಜೀರಿಯಾದ ವಾಯವ್ಯ ಮೂಲೆಯ ಜಂಫಾರಾ ರಾಜ್ಯ, 2010. ಊರಿನ ಮಟ್ಟದಲ್ಲಿ ತಡೆಯುವುದು ಅಂದರೆ ಏನು, ಯಾವ ಕೆಲಸ ಮೊದಲು, ಯಾವುದು ಆಮೇಲೆ, ಇದನ್ನು ಇಷ್ಟು ಬಿಡಿಸಿ ತೋರಿಸುವ ಇನ್ನೊಂದು ಪ್ರಕರಣ ನನಗಂತೂ ಗೊತ್ತಿಲ್ಲ. ಸ್ವಲ್ಪ ಉದ್ದ ಇದೆ, ಪುರುಸೊತ್ತಿನಲ್ಲಿ ಓದಿ.

ಶುರುವಾದದ್ದು ಹೀಗೆ

2010ರ ಮಾರ್ಚ್. ಎಂಎಸ್‌ಎಫ್, ಅಂದರೆ 'ಗಡಿಯಿಲ್ಲದ ವೈದ್ಯರು' ಸಂಸ್ಥೆಯವರು ಆ ಭಾಗದಲ್ಲಿ ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಮೇಲೆ ಕಣ್ಣಿಟ್ಟು ಓಡಾಡುತ್ತಿದ್ದರು. ಕೆಲವು ಹಳ್ಳಿಗಳಲ್ಲಿ ಚಿಕ್ಕ ಮಕ್ಕಳು ಒಬ್ಬರ ಹಿಂದೆ ಒಬ್ಬರು ಸಾಯುತ್ತಿದ್ದಾರೆ ಎಂಬ ಸುದ್ದಿ ಕಿವಿಗೆ ಬಿತ್ತು. ಅಂಕಾ ಮತ್ತು ಬುಕ್ಕುಯುಮ್ ಎಂಬ ಎರಡು ಆಡಳಿತ ಪ್ರದೇಶಗಳಿಗೆ ಸೇರಿದ ಹಳ್ಳಿಗಳು ಅವು. ಯಾರ್ಗಲ್ಮಾ ಮತ್ತು ದಾರೆಟಾ ಎಂಬ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಿ.

ಮಕ್ಕಳಿಗೆ ವಾಂತಿ, ಹೊಟ್ಟೆನೋವು, ಆಮೇಲೆ ಫಿಟ್ಸ್, ಆಮೇಲೆ ಪ್ರಜ್ಞೆ ತಪ್ಪುವುದು. ಆ ಕಡೆ ಫಿಟ್ಸ್ ಬಂದ ಮಗುವನ್ನು ಕಂಡರೆ ಯಾವ ಡಾಕ್ಟರಿಗಾದರೂ ಮೊದಲು ಹೊಳೆಯುವುದು ಮಲೇರಿಯಾ, ಇಲ್ಲದಿದ್ದರೆ ಮೆನಿಂಜೈಟಿಸ್. ಎರಡಕ್ಕೂ ಔಷಧಿ ಕೊಟ್ಟು ನೋಡಿದರು. ಕೆಲಸ ಮಾಡಲಿಲ್ಲ. ಸಾಯುತ್ತಿದ್ದವರು ಬಹುಪಾಲು ಐದು ವರ್ಷದೊಳಗಿನವರು. ದೊಡ್ಡವರು ಹೆಚ್ಚು ಕಡಿಮೆ ಆರಾಮಾಗಿ ಓಡಾಡಿಕೊಂಡಿದ್ದರು. ಜೊತೆಗೆ ಊರಲ್ಲಿ ಎಲ್ಲೆಡೆ ಚಿನ್ನದ ಅದಿರು ಪುಡಿ ಮಾಡುವ ಕೆಲಸ ನಡೆಯುತ್ತಿತ್ತು. ಯಾರಿಗೋ ಅನುಮಾನ ಬಂತು, ಮಕ್ಕಳ ರಕ್ತವನ್ನು ಜರ್ಮನಿಯ ಲ್ಯಾಬಿಗೆ ಕಳಿಸಿದರು.

ಬಂದ ಉತ್ತರ ನಂಬುವಂಥದ್ದಾಗಿರಲಿಲ್ಲ. ಆಗಿನ ಲೆಕ್ಕದಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ 10 ಮೈಕ್ರೋಗ್ರಾಂ ಸೀಸ ಕಂಡರೆ ಎಚ್ಚರಿಕೆಯ ಗಂಟೆ. 45 ದಾಟಿದರೆ ಸೀಸ ಇಳಿಸುವ ಔಷಧಿ ಶುರು ಮಾಡಬೇಕು. ಇಲ್ಲಿ ಕೆಲವು ಮಕ್ಕಳ ರಕ್ತದಲ್ಲಿ 700ರವರೆಗೂ ಇತ್ತು.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯವರು ನೈಜೀರಿಯಾದ ಆರೋಗ್ಯ ಇಲಾಖೆಯ ಜೊತೆ ಸೇರಿ ಈ ಎರಡು ಹಳ್ಳಿಗಳಲ್ಲಿ ಮನೆ ಮನೆ ಸಮೀಕ್ಷೆ ಮಾಡಿದರು. 119 ಕುಟುಂಬಗಳ ಆವರಣಗಳು. ಐದು ವರ್ಷದೊಳಗಿನ 463 ಮಕ್ಕಳ ಲೆಕ್ಕ ಸಿಕ್ಕಿತು. ಅವರಲ್ಲಿ 118 ಮಕ್ಕಳು ಹಿಂದಿನ ಒಂದೇ ವರ್ಷದಲ್ಲಿ ತೀರಿಕೊಂಡಿದ್ದರು. ನಾಲ್ಕರಲ್ಲಿ ಒಂದು ಮಗು. ಉಳಿದವರಲ್ಲಿ 204 ಮಕ್ಕಳ ರಕ್ತ ಪರೀಕ್ಷೆ ಮಾಡಿದರೆ 10ರ ಕೆಳಗೆ ಇದ್ದ ಮಗು ಒಂದೂ ಇಲ್ಲ, 198 ಮಕ್ಕಳು 45 ಮುಟ್ಟಿದವರು ಅಥವಾ ದಾಟಿದವರು. ಈ ಅಂಕಿ ಓದಿ ಸುಮ್ನೆ ಮುಂದಕ್ಕೆ ಹೋಗಬೇಡಿ. ಸಾಮಾನ್ಯವಾಗಿ ಇಂಥ ಪರೀಕ್ಷೆಯಲ್ಲಿ ಪೀಡಿತ ಮಕ್ಕಳನ್ನು ಹುಡುಕಬೇಕಾಗುತ್ತದೆ. ಇಲ್ಲಿ ಆರೋಗ್ಯವಾಗಿರುವ ಒಂದು ಮಗುವನ್ನು ಹುಡುಕಿದರೂ ಸಿಗಲಿಲ್ಲ.

ಇನ್ನೊಂದು ಸಣ್ಣ ತಾಪತ್ರಯ ಹೇಳಿಬಿಡುತ್ತೇನೆ, ಕೆಲಸದ ಕಷ್ಟ ಅರ್ಥವಾಗಲಿ ಅಂತ. ಹಳ್ಳಿಗಳಲ್ಲಿ ರಕ್ತದ ಸೀಸ ನೋಡಲು ಬಳಸುವ ಲೆಡ್‌ಕೇರ್ ಎಂಬ ಕೈಚೀಲದಷ್ಟು ಯಂತ್ರ ಇದೆ. ಅದು ಅಳೆಯುವುದು 65ರವರೆಗೆ ಮಾತ್ರ. ಅದರಾಚೆ 'ಜಾಸ್ತಿ' ಎಂದು ತೋರಿಸಿ ಕೈಚೆಲ್ಲುತ್ತದೆ. ಇಷ್ಟು ಸೀಸ ಇರುವ ಮಕ್ಕಳು ಸಾಲುಗಟ್ಟಿ ಬರುತ್ತಾರೆ ಎಂದು ಯಂತ್ರ ಮಾಡಿದವರು ಅಂದುಕೊಂಡಿರಲಿಲ್ಲ. ಹಾಗಾಗಿ ರಕ್ತವನ್ನು ತೆಳು ಮಾಡಿ, ಅಳೆದು, ಮತ್ತೆ ಗುಣಿಸಿ ಲೆಕ್ಕ ಹಾಕುವ ದಾರಿ ಹುಡುಕಬೇಕಾಯಿತು. ಬೆರಳು ಚುಚ್ಚಿ ಹನಿ ತೆಗೆಯೋಣ ಅಂದರೆ ಬೆರಳ ಮೇಲೇ ಸೀಸದ ಧೂಳು ಕೂತಿರುತ್ತದೆ, ಅದೂ ಸೇರಿ ಲೆಕ್ಕ ಕೆಡುತ್ತದೆ. ಅದಕ್ಕೆ ಇಂಥ ಕಡೆ ರಕ್ತನಾಳದಿಂದಲೇ ರಕ್ತ ತೆಗೆಯುವುದು ಒಳ್ಳೆಯದು. ಎಳೆ ಮಗುವಿನ ಕೈಯಲ್ಲಿ ನರ ಹುಡುಕುವ ಕಷ್ಟ ನರ್ಸ್‌ಗಳನ್ನು ಕೇಳಿ ನೋಡಿ.

ಸೀಸ ಅಂಗಳಕ್ಕೆ ಬಂದ ದಾರಿ

ಜಂಫಾರಾದ ನೆಲದಲ್ಲಿ ಚಿನ್ನ ಇದೆ, ಇದು ಹೊಸ ಸಂಗತಿ ಅಲ್ಲ. ಹೊಸದಾಗಿದ್ದು ಬೆಲೆ. 2009ರ ಕೊನೆಗೆ ಜಗತ್ತಿನ ಮಾರುಕಟ್ಟೆಯಲ್ಲಿ ಚಿನ್ನ ಔನ್ಸಿಗೆ 1,000 ಡಾಲರ್ ಮೇಲೆ ಹೋಗಿ ಕೂತಿತ್ತು. ಹೊಲದಲ್ಲಿ ಜೋಳ, ಸಜ್ಜೆ ಬೆಳೆದು ವರ್ಷವಿಡೀ ಕಾಣದ ದುಡ್ಡು ಅದಿರಿನಲ್ಲಿ ಸಿಗತೊಡಗಿತು. ಊರ ಗಂಡಸರು ಗುಂಡಿ ತೋಡಿ ಕಲ್ಲು ತೆಗೆದರು. ತೆಗೆದ ಕಲ್ಲನ್ನು ಎಲ್ಲಿ ಒಡೆಯಬೇಕು? ಮನೆಯಲ್ಲಿ. ಸಮೀಕ್ಷೆಯ ಪ್ರಕಾರ ಮೂರರಲ್ಲಿ ಎರಡು ಭಾಗ ಆವರಣಗಳ ಒಳಗೇ ಅದಿರಿನ ಕೆಲಸ ನಡೆಯುತ್ತಿತ್ತು.

ಮನೆಯೊಳಗೆ ಯಾಕೆ ಅನ್ನುವುದು ಈ ಪ್ರಕರಣದ ಗಂಟು. ಅಲ್ಲಿ ಮದುವೆಯಾದ ಹೆಂಗಸರು ಹೆಚ್ಚಾಗಿ ಗೋಡೆ ಕಟ್ಟಿದ ಆವರಣದ ಒಳಗೇ ಇರುತ್ತಾರೆ. ಗಳಿಕೆಯಲ್ಲಿ ಅವರಿಗೂ ಪಾಲು ಬೇಕು ಅಂದರೆ ಕೆಲಸವೇ ಒಳಗೆ ಬರಬೇಕು. ಬಂತು. ಕಲ್ಲನ್ನು ಸುತ್ತಿಗೆಯಲ್ಲಿ ಕುಟ್ಟಿ ಜಲ್ಲಿ ಮಾಡುವುದು, ಪುಡಿ ಮಾಡುವುದು, ಒಣಗಿಸುವುದು, ತೊಳೆದು ಭಾರದ ಕಣಗಳನ್ನು ಬೇರೆ ಮಾಡುವುದು, ಪಾದರಸ ಬೆರೆಸಿ ಚಿನ್ನ ಹಿಡಿಯುವುದು, ಆಮೇಲೆ ಪಾದರಸವನ್ನು ಸುಟ್ಟು ಹಾರಿಸುವುದು, ಇಷ್ಟರಲ್ಲಿ ಎಷ್ಟೋ ಪಾಲು ಅಂಗಳದಲ್ಲೇ, ಅಡುಗೆ ಒಲೆಯ ಪಕ್ಕದಲ್ಲೇ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ. ಪಾದರಸವೂ ವಿಷವೇ. ಆದರೆ ಇಲ್ಲಿ ಮಕ್ಕಳನ್ನು ಕೊಂದದ್ದು ಅದಲ್ಲ.

ಅಲ್ಲಿನ ಕೆಲವು ಚಿನ್ನದ ಪದರಗಳಲ್ಲಿ ಸೀಸ ವಿಪರೀತ ಇತ್ತು, ಅದೂ ಹೊಟ್ಟೆಯಲ್ಲಿ ಸಲೀಸಾಗಿ ಕರಗುವ ರೂಪದಲ್ಲಿ. ಹಾಗಂತ ಕಲ್ಲಾಗಿ ನೆಲದಡಿ ಇದ್ದಷ್ಟು ದಿನ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ತೊಂದರೆ ತಂದದ್ದು ಗಿರಣಿ. ಹಿಟ್ಟಿನ ಗಿರಣಿಯ ಡೀಸೆಲ್ ಯಂತ್ರಕ್ಕೇ ಅದಿರು ಹಾಕಿ ರುಬ್ಬತೊಡಗಿದರು. ಕೈಯಲ್ಲಿ ಕುಟ್ಟಿದರೆ ದಿನಕ್ಕೆ ಒಂದಿಷ್ಟು ಪುಡಿ. ಯಂತ್ರದಲ್ಲಿ ಚೀಲಗಟ್ಟಲೆ, ಅದೂ ಪೌಡರಿನಷ್ಟು ನಯ. ಒಣ ಅದಿರು ಬಿದ್ದಾಗ ಏಳುವ ಧೂಳು ಗೋಡೆ, ಚಾಪೆ, ಬಟ್ಟೆ, ನೀರಿನ ಪಾತ್ರೆ, ಎಲ್ಲದರ ಮೇಲೂ ಕೂತಿತು. ಕೆಲವು ಕಡೆ ಮಣ್ಣಿನಲ್ಲಿ ಸೀಸ ಒಂದು ಲಕ್ಷ ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂಬ ಲೆಕ್ಕ) ಮೀರಿತ್ತು. ಅಂದರೆ ನೆಲದ ಮಣ್ಣಿನಲ್ಲಿ ನೂರಕ್ಕೆ ಹತ್ತು ಭಾಗ ಸೀಸವೇ! ಮಕ್ಕಳು ಆಡುವ ಜಾಗದ ಮಣ್ಣಿಗೆ ಅಮೆರಿಕದಲ್ಲಿ ಆಗ ಇದ್ದ ಮಿತಿ 400 ಪಿಪಿಎಂ.

ಊರವರು ಇದನ್ನೆಲ್ಲ ಮೊದಲು ಹೇಳಿಕೊಳ್ಳಲಿಲ್ಲ. ಗಣಿಗಾರಿಕೆಗೆ ಪರವಾನಗಿ ಇರಲಿಲ್ಲ, ಬಾಯಿಬಿಟ್ಟರೆ ಬಂದ್ ಮಾಡಿಸಿಬಿಡುತ್ತಾರೆ ಎಂಬ ಭಯ. ಮಗು ಸತ್ತರೆ ಮಲೇರಿಯಾ ಅಂದರು. ಹೊರಗಿನವರು ಇದನ್ನು ಅಜ್ಞಾನ ಅನ್ನಬಹುದು, ನನಗೆ ಹಾಗನ್ನಿಸುವುದಿಲ್ಲ. ಜಗತ್ತಿನ ಎಲ್ಲೇ ಆಗಲಿ ಅನ್ನ ಕೊಡುವ ಕೆಲಸವೇ ಮಗುವನ್ನು ಕೊಲ್ಲುತ್ತಿದೆ ಎಂದು ಹೊರಗಿನಿಂದ ಬಂದವರು ಹೇಳಿದ ತಕ್ಷಣ ಯಾರೂ ಒಪ್ಪುವುದಿಲ್ಲ.

ಮಕ್ಕಳೇ ಯಾಕೆ?

ಒಂದೇ ಅಂಗಳ, ಒಂದೇ ಧೂಳು. ತಾಯಿ ಬದುಕಿದಳು, ಮಗು ಸತ್ತಿತು. ಅಂಬೆಗಾಲಿಡುವ ಮಗು ನೆಲದಲ್ಲೇ ಬದುಕುತ್ತದೆ, ಕೈ ಸದಾ ಬಾಯಲ್ಲಿ. ನುಂಗಿದ ಸೀಸದಲ್ಲಿ ಚಿಕ್ಕ ಮಕ್ಕಳ ಮೈ ಹೀರಿಕೊಳ್ಳುವ ಪಾಲು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ. ಹೊಟ್ಟೆ ಖಾಲಿ ಇದ್ದರೆ, ಮೈಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕಮ್ಮಿ ಇದ್ದರೆ ಇನ್ನೂ ಜಾಸ್ತಿ. ಸೀಸವನ್ನು ಮೈ ಕ್ಯಾಲ್ಸಿಯಂ ಎಂದೇ ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ, ಮೂಳೆಯಲ್ಲಿ ಜೋಪಾನ ಮಾಡುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಅದು ನುಗ್ಗಿದರೆ ಮಿದುಳು ಊದಿಕೊಂಡು ಫಿಟ್ಸ್ ಬರುತ್ತದೆ. ಬದುಕಿ ಉಳಿದ ಮಕ್ಕಳಲ್ಲೂ ಕೆಲವರಿಗೆ ಕಣ್ಣು ಹೋಯಿತು, ಕಿವಿ ಹೋಯಿತು, ಕೈಕಾಲು ಸ್ವಾಧೀನ ತಪ್ಪಿತು.

ಯಾವ ಮನೆಯ ಮಗುವಿಗೆ ಅಪಾಯ ಹೆಚ್ಚು ಎಂದು ಸಿಡಿಸಿ ಲೆಕ್ಕ ಹಾಕಿದಾಗ ಹೊರಬಿದ್ದ ಸಂಗತಿಗಳು ನಾಲ್ಕು: ಮಗುವಿನ ವಯಸ್ಸು, ತಾಯಿ ಅದಿರಿನ ಕೆಲಸ ಮಾಡುತ್ತಿದ್ದಳೇ ಎಂಬುದು, ಕುಡಿಯುವ ನೀರು ಊರ ಬಾವಿಯದ್ದೇ ಎಂಬುದು, ಅಂಗಳದ ಮಣ್ಣಿನಲ್ಲಿ ಸೀಸ ಎಷ್ಟು ಎಂಬುದು. ತಂದೆ ಗುಂಡಿಗೆ ಇಳಿಯುವುದು ಈ ಪಟ್ಟಿಯಲ್ಲಿ ಇಲ್ಲ, ಗಮನಿಸಿ. ಅಪಾಯ ಇದ್ದದ್ದು ಮನೆಯೊಳಗೆ. ಮುಂದಿನ ಕೆಲಸ ಎಲ್ಲಿಂದ ಶುರುವಾಗಬೇಕು ಎಂದು ಈ ಪಟ್ಟಿಯೇ ಹೇಳುತ್ತದೆ.

ಔಷಧಿ ಇದೆ, ಕೊಡಬಾರದು

ಈಗ ಕಷ್ಟದ ಭಾಗ. ಡಿಎಂಎಸ್‌ಎ ಎಂಬ ಮಾತ್ರೆ ಇದೆ, ಸಕ್ಸಿಮರ್ ಅಂತಲೂ ಅನ್ನುತ್ತಾರೆ. ಬಾಯಲ್ಲಿ ಕೊಡುವಂಥದ್ದು, ಕೊಳೆತ ಮೊಟ್ಟೆಯ ವಾಸನೆ. ರಕ್ತದಲ್ಲಿರುವ ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಇದಕ್ಕೆ ಕೀಲೇಷನ್ ಎನ್ನುತ್ತಾರೆ. ಮಕ್ಕಳು ಸಾಯುತ್ತಿದ್ದಾರೆ, ಮಾತ್ರೆ ಕೈಯಲ್ಲಿದೆ, ಕೊಟ್ಟುಬಿಡಿ ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ?

ಆದರೆ ಮಾತ್ರೆ ತಿಂದ ಮಗು ಸಂಜೆ ಅದೇ ಅಂಗಳಕ್ಕೆ ಹೋದರೆ ಏನಾಗುತ್ತದೆ? ಒಂದು ಕಡೆ ಔಷಧಿ ಸೀಸ ತೆಗೆಯುತ್ತದೆ, ಇನ್ನೊಂದು ಕಡೆ ಬಾಯಿಂದ ಸೀಸ ಒಳಗೆ ಹೋಗುತ್ತಲೇ ಇರುತ್ತದೆ. ಸೋರುವ ದೋಣಿಯಿಂದ ನೀರು ಮೊಗೆದ ಹಾಗೆ. ಅಷ್ಟೇ ಆದರೆ ಪರವಾಗಿಲ್ಲ, ಎದುರಿಗೆ ಸೀಸ ಇರುವಾಗ ಈ ಔಷಧಿ ಕೊಟ್ಟರೆ ಹೊಟ್ಟೆಯಿಂದ ಸೀಸ ಇನ್ನೂ ಜಾಸ್ತಿ ಒಳಗೆ ಹೋಗುವ ಅಪಾಯವೂ ಇದೆ. ಅದಕ್ಕೇ ಎಂಎಸ್‌ಎಫ್ ಒಂದು ಗಟ್ಟಿ ನಿಯಮ ಹಾಕಿಕೊಂಡಿತು: ಮನೆ ಸ್ವಚ್ಛವಾದ ಮೇಲೆ ಮಾತ್ರ ಆ ಮನೆಯ ಮಗುವಿಗೆ ಕೀಲೇಷನ್.

ಕೇಳಲು ಇದು ಕ್ರೂರ. ಪಕ್ಕದ ಹಳ್ಳಿಯ ಮಗುವಿಗೆ ಚಿಕಿತ್ಸೆ, ಈ ಹಳ್ಳಿಯ ಮಗುವಿಗೆ ಕಾಯಿರಿ ಎಂಬ ಮಾತು. ನಾನಂತೂ ಇದನ್ನು ಸರಿಯಾದ ನಿರ್ಧಾರ ಅಂತಲೇ ಹೇಳುತ್ತೇನೆ, ಎರಡು ಕಾರಣಕ್ಕೆ. ವೈದ್ಯಕೀಯ ಕಾರಣ ಮೇಲೆ ಹೇಳಿದೆ. ಇನ್ನೊಂದು ಕಾರಣ ಸರ್ಕಾರಕ್ಕೆ ಸಂಬಂಧಿಸಿದ್ದು. ಊರಲ್ಲಿ ಆಸ್ಪತ್ರೆ ತೆರೆದು ಮಾತ್ರೆ ಹಂಚುವುದು ಕಣ್ಣಿಗೆ ಕಾಣುವ ಕೆಲಸ, ಫೋಟೋ ಬರುತ್ತದೆ, ಅದಾದ ಮೇಲೆ ಮಣ್ಣು ಅಗೆಯಲು ದುಡ್ಡು ಕೊಡಿ ಅಂದರೆ ಯಾರೂ ಕೊಡುವುದಿಲ್ಲ. ಮೊದಲು ಮಣ್ಣು ಎಂದು ಪಟ್ಟು ಹಿಡಿದಾಗ ಮಣ್ಣಿನ ಲೆಕ್ಕ ಮೇಜಿನ ಮೇಲೆ ಬರಲೇಬೇಕಾಗುತ್ತದೆ.

ಅಗೆತ

ಶುದ್ಧಿ ಕೆಲಸಕ್ಕೆ ಬಂದವರು ಟೆರಾಗ್ರಾಫಿಕ್ಸ್ ಎಂಬ ಅಮೆರಿಕದ ಐಡಾಹೋ ಮೂಲದ ತಂಡ. ಅಲ್ಲಿನ ಬಂಕರ್ ಹಿಲ್ ಸೀಸದ ಕುಲುಮೆಯ ಸುತ್ತಲಿನ ಮನೆಗಳ ಅಂಗಳ ಸ್ವಚ್ಛ ಮಾಡಿ ಪಳಗಿದವರು. ಜೊತೆಗೆ ಮಾಲಿನ್ಯದ ಜಾಗಗಳಲ್ಲಿ ಕೆಲಸ ಮಾಡುವ ಬ್ಲ್ಯಾಕ್‌ಸ್ಮಿತ್ ಇನ್‌ಸ್ಟಿಟ್ಯೂಟ್ ಮತ್ತು ಜಂಫಾರಾ ರಾಜ್ಯದ ಪರಿಸರ ಇಲಾಖೆ. ಆದರೆ ಗುದ್ದಲಿ ಹಿಡಿದವರು ಊರವರು, ಕೂಲಿಗೆ. ಇದು ಬರೀ ದುಡ್ಡು ಉಳಿಸುವ ಉಪಾಯ ಆಗಿರಲಿಲ್ಲ. ಆ ದಾರಿಗಳಲ್ಲಿ ಆ ಅಂಗಳಗಳಿಗೆ ದೊಡ್ಡ ಯಂತ್ರ ಹೋಗುವುದೂ ಇಲ್ಲ, ಹೋದರೂ ಮಣ್ಣಿನ ಗೋಡೆ ಉಳಿಯುವುದಿಲ್ಲ.

ಕೆಲಸದ ಕ್ರಮ ಹೀಗೆ. ಮೊದಲು ಎಕ್ಸ್‌ಆರ್‌ಎಫ್ ಎಂಬ ಯಂತ್ರ. ಕೈಯಲ್ಲಿ ಹಿಡಿಯುವ ಡ್ರಿಲ್ಲಿನ ಗಾತ್ರ, ನೆಲಕ್ಕೆ ಒತ್ತಿ ಹಿಡಿದರೆ ಸ್ವಲ್ಪ ಹೊತ್ತಿಗೆ ಸೀಸ ಎಷ್ಟು ಪಿಪಿಎಂ ಎಂದು ಪರದೆಯಲ್ಲಿ ಬರುತ್ತದೆ. ಆವರಣದ ಒಳಗೆ ಮೂಲೆ ಮೂಲೆ ಅಳೆದು ನಕ್ಷೆ ಮಾಡುವುದು: ಇಲ್ಲಿ ಕುಟ್ಟಿದ್ದಾರೆ, ಇಲ್ಲಿ ಒಣಗಿಸಿದ್ದಾರೆ, ಇಲ್ಲಿ ತೊಳೆದ ನೀರು ಹರಿದಿದೆ. ಹಾಳಾದ ಮೇಲ್ಮಣ್ಣನ್ನು ಗುದ್ದಲಿಯಲ್ಲಿ ಕೆತ್ತಿ ಚೀಲಕ್ಕೆ ತುಂಬುವುದು. ಊರ ಹೊರಗೆ ತೋಡಿದ ಗುಂಡಿಯಲ್ಲಿ ಹೂಳುವುದು. ಮತ್ತೆ ಯಂತ್ರ ಹಿಡಿದು ನೋಡುವುದು. ಇನ್ನೂ ಜಾಸ್ತಿ ತೋರಿಸಿದರೆ ಇನ್ನೂ ಅಗೆಯುವುದು. ಕೊನೆಗೆ ಬೇರೆ ಕಡೆಯಿಂದ ಪರೀಕ್ಷೆ ಮಾಡಿ ತಂದ ಶುದ್ಧ ಮಣ್ಣು ಹರಡಿ ದಮ್ಮಸ್ಸು ಮಾಡುವುದು. ಒಳಗಿನ ಕೋಣೆಗಳನ್ನೂ ಗುಡಿಸಿ ಧೂಳು ತೆಗೆಯುವುದು.

ಇಷ್ಟರಲ್ಲಿ ಎಡವಟ್ಟಾಗುವ ಜಾಗ ಯಾವುದು ಗೊತ್ತಾ? ಬಾಗಿಲು. ಪರಗಂಡಸರು ಹೆಂಗಸರ ಆವರಣದೊಳಗೆ ಹೋಗುವಂತಿಲ್ಲ. ಎಷ್ಟೇ ದೊಡ್ಡ ಎಂಜಿನಿಯರ್ ಆಗಿದ್ದರೂ ಹೊರಗೇ ನಿಲ್ಲಬೇಕು. ಹೆಂಗಸರ ಜೊತೆ ಕೂತು ಮಾತಾಡಲು ಹೆಂಗಸರೇ ಬೇಕು. ಮನೆಯೊಡೆಯನ ಒಪ್ಪಿಗೆ ಬೇಕು, ಅದಕ್ಕೆ ಮೊದಲು ಊರ ಮುಖ್ಯಸ್ಥನ ಒಪ್ಪಿಗೆ, ಅದಕ್ಕೂ ಮೊದಲು ಅಂಕಾದ ಎಮೀರರ, ಅಂದರೆ ಅಲ್ಲಿನ ಸಾಂಪ್ರದಾಯಿಕ ಅರಸರ ಬೆಂಬಲ. ಎಮೀರರು ಮತ್ತು ಊರ ಹಿರಿಯರು ಜೊತೆಗೆ ನಿಂತಿದ್ದರಿಂದ ಬಾಗಿಲುಗಳು ತೆರೆದವು. ಯೋಜನೆಯ ಕಾಗದದಲ್ಲಿ ಇಂಥದ್ದಕ್ಕೆ 'ಸಮುದಾಯದ ಸಹಭಾಗಿತ್ವ' ಎಂದು ಒಂದು ಸಾಲು ಬರೆದು ಮುಗಿಸಿಬಿಡುತ್ತಾರೆ. ನಿಜದಲ್ಲಿ ಅರ್ಧ ಕೆಲಸ ಅದೇ.

ಯಾರ್ಗಲ್ಮಾ ಮತ್ತು ದಾರೆಟಾದಲ್ಲಿ 2010ರ ಜೂನ್‌ನಲ್ಲೇ ಅಗೆತ ಶುರುವಾಯಿತು. ಮಳೆ ತಲೆಯ ಮೇಲೆ ಬಂದಿತ್ತು. ಮಳೆ ಬಿದ್ದರೆ ಮಣ್ಣೆಲ್ಲ ಕೆಸರಾಗಿ ಅಗೆಯಲೂ ಆಗುವುದಿಲ್ಲ, ಸೀಸ ಹರಿದು ಇನ್ನೊಂದು ಕಡೆಯೂ ಹೋಗುತ್ತದೆ. ಮಳೆ ಮುಗಿದ ಮೇಲೆ ಇನ್ನೂ ಐದು ಹಳ್ಳಿಗಳು. 2011ರ ಮಾರ್ಚ್ ಹೊತ್ತಿಗೆ ಒಟ್ಟು ಏಳು ಹಳ್ಳಿ ಮುಗಿದಿತ್ತು.

ಮಾತ್ರೆಯ ಏಳುಬೀಳು

ಸ್ವಚ್ಛವಾದ ಹಳ್ಳಿಗಳ ಮಕ್ಕಳಿಗೆ ಎಂಎಸ್‌ಎಫ್ ಚಿಕಿತ್ಸೆ ಶುರು ಮಾಡಿತು. ಒಂದು ಸುತ್ತು ಅಂದರೆ 19 ಅಥವಾ 28 ದಿನ. ಮಾತ್ರೆ ಕೊಟ್ಟಾಗ ರಕ್ತದ ಸೀಸ ಸರ್ರನೆ ಇಳಿಯುತ್ತದೆ, ತಾಯಂದಿರ ಮುಖದಲ್ಲಿ ನೆಮ್ಮದಿ. ಸುತ್ತು ಮುಗಿದು ಸ್ವಲ್ಪ ದಿನಕ್ಕೆ ನೋಡಿದರೆ ಮತ್ತೆ ಏರಿರುತ್ತದೆ. ಮಗು ಹೊಸದಾಗಿ ವಿಷ ತಿಂದಿರಲೇಬೇಕು ಅಂತಿಲ್ಲ. ಮೂಳೆಯಲ್ಲಿ ಕೂಡಿಟ್ಟ ಸೀಸ ನಿಧಾನ ರಕ್ತಕ್ಕೆ ಬಿಡುತ್ತಿರುತ್ತದೆ, ಅಷ್ಟೇ. ಆದರೆ ಇದು ಮೂಳೆಯಿಂದ ಬಂದದ್ದೋ, ಅಂಗಳದಿಂದ ಬಂದದ್ದೋ ಎಂದು ರಕ್ತ ನೋಡಿ ಹೇಳಲಾಗದು. ಅಂಗಳ ಶುದ್ಧ ಇದೆ ಎಂದು ಗಟ್ಟಿಯಾಗಿ ಗೊತ್ತಿದ್ದರೆ ಮಾತ್ರ ಡಾಕ್ಟರು ಆ ಏರಿಕೆಯನ್ನು ಸರಿಯಾಗಿ ಓದಬಹುದು. ಮೊದಲು ಮಣ್ಣು ಎಂಬ ನಿಯಮ ಇಲ್ಲಿ ಮತ್ತೊಮ್ಮೆ ಕೆಲಸಕ್ಕೆ ಬಂತು.

ಒಂದೊಂದು ಮಗುವಿಗೆ ಸುತ್ತಿನ ಮೇಲೆ ಸುತ್ತು ಬೇಕಾಯಿತು. ಮೊದಲ ಹಂತದ ವರದಿಯಲ್ಲಿ 1,156 ಮಕ್ಕಳಿಗೆ ಕೊಟ್ಟ 3,180 ಸುತ್ತುಗಳ ವಿವರ ಇದೆ. ಬಾಯಲ್ಲಿ ಕೊಡುವ ಮಾತ್ರೆಯಿಂದ ಇಷ್ಟು ತೀವ್ರ ವಿಷವನ್ನು, ಇಷ್ಟು ಮಕ್ಕಳಲ್ಲಿ, ಅಷ್ಟು ದೂರದ ಹಳ್ಳಿಗಾಡಿನಲ್ಲಿ ಸಂಭಾಳಿಸಬಹುದು ಎಂದು ತೋರಿಸಿದ್ದು ಸಣ್ಣ ಮಾತಲ್ಲ. ಸಾವು ಬಹಳ ಇಳಿಯಿತು. ಆದರೆ ಮಾತ್ರೆ ಮಿದುಳಿನಲ್ಲಿ ಆಗಲೇ ಆದ ಹಾನಿಯನ್ನು ವಾಪಸ್ ಮಾಡುವುದಿಲ್ಲ. ಬೇಗ ಗೊತ್ತಾಗದ ಮಕ್ಕಳ ಪಾಲಿಗೆ ಎಲ್ಲ ತಡವಾಗಿತ್ತು. ಒಟ್ಟು ಕನಿಷ್ಠ 400 ಮಕ್ಕಳು ಸತ್ತರು ಎಂಬುದು ಎಲ್ಲರೂ ಒಪ್ಪುವ ಲೆಕ್ಕ.

ಬಗೆಗಾ ಕಾದ ಕಥೆ

ಎಂಟನೆಯ ಊರು ಬಗೆಗಾ. ಉಳಿದವುಗಳಿಗಿಂತ ತುಂಬಾ ದೊಡ್ಡದು, ಪಕ್ಕದಲ್ಲೇ ದೊಡ್ಡ ಅದಿರು ಸಂಸ್ಕರಣೆಯ ಜಾಗ, ಜನ ದನ ಎರಡೂ ಬಳಸುವ ಕೆರೆಗೂ ಸೀಸ ಸೇರಿತ್ತು. ಇಲ್ಲಿ ಚಿಕಿತ್ಸೆ ಬೇಕಾದ ಮಕ್ಕಳೇ ಸುಮಾರು 1,500. ದೊಡ್ಡ ಕೆಲಸ, ದೊಡ್ಡ ದುಡ್ಡು. ಇಲ್ಲಿ ಎಲ್ಲ ನಿಂತುಬಿಟ್ಟಿತು.

ದುಡ್ಡು ಯಾರು ಕೊಡಬೇಕು ಎಂಬುದರಲ್ಲೇ ಕಾಲ ಕಳೆಯಿತು. 2012ರ ಫೆಬ್ರವರಿಯಲ್ಲಿ ಹ್ಯೂಮನ್ ರೈಟ್ಸ್ ವಾಚ್ ಎಂಬ ಮಾನವ ಹಕ್ಕು ಸಂಸ್ಥೆ ಈ ಬಗ್ಗೆ ದನಿ ಎತ್ತಿತು. ಅದೇ ವರ್ಷ ಮೇ ತಿಂಗಳಲ್ಲಿ ರಾಜಧಾನಿ ಅಬುಜಾದಲ್ಲಿ ಅಂತರರಾಷ್ಟ್ರೀಯ ಸಮ್ಮೇಳನ ಆಯಿತು. ಭರವಸೆಗಳು ಬಂದವು. ಹಂಜತ್ ಲಾವಲ್ ಎಂಬ ಯುವ ಕಾರ್ಯಕರ್ತ ಮತ್ತು ಜೊತೆಗಾರರು 'ಸೇವ್ ಬಗೆಗಾ' ಎಂದು ಸೋಷಿಯಲ್ ಮೀಡಿಯಾದಲ್ಲಿ ಹಿಂದೆ ಬಿದ್ದರು, ಘೋಷಣೆಯಾದ ದುಡ್ಡು ಎಲ್ಲಿದೆ ಎಂದು ಕೇಳುತ್ತಲೇ ಹೋದರು. ಕೊನೆಗೆ 2013ರ ಜನವರಿ ಕೊನೆಯಲ್ಲಿ ಕೇಂದ್ರ ಸರ್ಕಾರ 85 ಕೋಟಿ ನೈರಾ (ನೈಜೀರಿಯಾದ ನಾಣ್ಯ) ಬಿಡುಗಡೆ ಮಾಡಿತು. ಅಗೆತ ಶುರುವಾಗಿ ಆ ವರ್ಷದ ಮಧ್ಯದ ಹೊತ್ತಿಗೆ ಮುಗಿಯಿತು, ಆಮೇಲೆ ಮಕ್ಕಳಿಗೆ ಮಾತ್ರೆ.

ಲೆಕ್ಕ ಹಾಕಿ. 2010ರಲ್ಲೇ ಗೊತ್ತಿದ್ದ ಸಮಸ್ಯೆ. ಅಗೆಯುವ ವಿಧಾನ ಗೊತ್ತು, ಪಳಗಿದ ಕೆಲಸಗಾರರು ಇದ್ದಾರೆ, ಔಷಧಿ ಇದೆ, ಡಾಕ್ಟರು ಪಕ್ಕದ ಊರಲ್ಲೇ ಇದ್ದಾರೆ. ಅಂಬೆಗಾಲಿಡುತ್ತಿದ್ದ ಮಗು ಶಾಲೆಗೆ ಹೋಗುವ ವಯಸ್ಸಿಗೆ ಬಂದಿರುತ್ತದೆ, ಅಷ್ಟು ದಿನವೂ ಅದೇ ಧೂಳಿನಲ್ಲಿ. ಈ ಇಡೀ ಪ್ರಕರಣದಲ್ಲಿ ನನಗೆ ಸಿಟ್ಟು ಬರುವುದು ಇಲ್ಲಿಯೇ. ಮೊದಲ ಸಾವುಗಳಿಗೆ ಯಾರಿಗೂ ತಿಳಿದಿರಲಿಲ್ಲ ಎಂಬ ಸಮಜಾಯಿಷಿ ಇದೆ, ಬಗೆಗಾಕ್ಕೆ ಅದೂ ಇಲ್ಲ. 'ಮನೆ ಸ್ವಚ್ಛವಾದ ಮೇಲೆ ಚಿಕಿತ್ಸೆ' ಎಂಬ ಸರಿಯಾದ ನಿಯಮಕ್ಕೂ ಒಂದು ಬೆಲೆ ಇದೆ: ಮನೆ ಸ್ವಚ್ಛ ಮಾಡಬೇಕಾದವನು ಕೈಕಟ್ಟಿ ಕೂತರೆ ಆ ನಿಯಮದ ಪೆಟ್ಟು ಮಗುವಿನ ಮೇಲೇ ಬೀಳುತ್ತದೆ. ಹಾಗಾಗಿ ಈ ನಿಯಮವನ್ನು ಬೇರೆ ಕಡೆ ಬಳಸುವವರು ಅಗೆತದ ದುಡ್ಡಿಗೆ ಒಂದು ಗಡುವನ್ನೂ, ಗಡುವು ಮೀರಿದರೆ ಮಕ್ಕಳನ್ನು ಬೇರೆ ಶುದ್ಧ ಜಾಗದಲ್ಲಿ ಇಟ್ಟು ಚಿಕಿತ್ಸೆ ಕೊಡುವ ದಾರಿಯನ್ನೂ ಮೊದಲೇ ಯೋಚಿಸಿರಬೇಕು ಅಂತ ನನ್ನ ಅಭಿಪ್ರಾಯ.

ಗಣಿ ಮುಚ್ಚಿಸಬೇಕಿತ್ತಾ?

ಇದನ್ನು ಓದಿದವರಲ್ಲಿ ಅರ್ಧ ಜನ ಕೇಳುವುದು ಇದೇ. ಚಿನ್ನದ ಕೆಲಸ ನಿಷೇಧ ಮಾಡಿದರೆ ಮುಗೀತಲ್ವಾ? ಮುಗಿಯುವುದಿಲ್ಲ. ಬಡವನ ಕೈಗೆ ಹೊಲಕ್ಕಿಂತ ಎಷ್ಟೋ ಪಟ್ಟು ದುಡ್ಡು ತರುವ ಕೆಲಸ ನಿಷೇಧದಿಂದ ನಿಲ್ಲುವುದಿಲ್ಲ, ಕಣ್ಣಿಗೆ ಕಾಣದ ಕಡೆ ಹೋಗುತ್ತದೆ. ಇಲ್ಲಿ ಕಣ್ಣಿಗೆ ಕಾಣದ ಕಡೆ ಅಂದರೆ ಮನೆಯ ಒಳಕೋಣೆ. ಪೊಲೀಸರಿಗೆ ಹೆದರಿ ಗಿರಣಿಯನ್ನು ಗೋಡೆಯೊಳಗೆ ತಂದರೆ ಅಗೆದು ಶುದ್ಧ ಮಾಡಿದ ಅಂಗಳ ಮತ್ತೆ ಮೊದಲಿನ ಹಾಗೇ ಆಗುತ್ತದೆ.

ಹಾಗಾಗಿ ಹಳ್ಳಿಗಳಲ್ಲಿ ಹಿಡಿದ ದಾರಿ ಬೇರೆ. ಅದಿರು ಊರೊಳಗೆ ಬರಬಾರದು, ಒಡೆಯುವ, ರುಬ್ಬುವ, ತೊಳೆಯುವ ಜಾಗ ಊರಿನಿಂದ ಆಚೆ ಇರಬೇಕು. ಕೆಲಸ ಮುಗಿಸಿ ಬರುವವರು ಅಲ್ಲೇ ಮೈ ತೊಳೆದು ಬಟ್ಟೆ ಬದಲಿಸಿ ಮನೆಗೆ ಬರಬೇಕು. ಚಿಕ್ಕ ಮಕ್ಕಳನ್ನು ಆ ಜಾಗಕ್ಕೆ ಕರೆದೊಯ್ಯಬಾರದು. ಅಡುಗೆಯ ಒರಳು, ಪಾತ್ರೆಗಳನ್ನು ಅದಿರಿಗೆ ಮುಟ್ಟಿಸಬಾರದು. ಇದರಲ್ಲಿ ಮೊದಲನೆಯದು ಗಟ್ಟಿಯಾದರೆ ಉಳಿದವು ತಾವಾಗಿ ಅರ್ಧ ನಡೆಯುತ್ತವೆ, ಮೊದಲನೆಯದು ಬಿಟ್ಟು ಬರೀ 'ಕೈ ತೊಳೆಯಿರಿ' ಎಂದು ಪೋಸ್ಟರ್ ಅಂಟಿಸಿದರೆ ಏನೂ ಆಗುವುದಿಲ್ಲ. ನೂರಕ್ಕೆ ಹತ್ತು ಭಾಗ ಸೀಸ ಇರುವ ನೆಲದಲ್ಲಿ ಕೂತ ಮಗುವಿನ ಕೈಯನ್ನು ದಿನಕ್ಕೆ ಎಷ್ಟು ಸಲ ತೊಳೆಯುತ್ತೀರಿ? ಹೆಂಗಸರ ಗಳಿಕೆಯ ಪ್ರಶ್ನೆಯನ್ನೂ ಮರೆಯಬಾರದು. ಕೆಲಸ ಊರಾಚೆ ಹೋದರೆ ಆವರಣ ದಾಟದ ಹೆಂಗಸರಿಗೆ ಆ ದುಡ್ಡು ತಪ್ಪುತ್ತದೆ. ಈ ನಷ್ಟ ತುಂಬದೆ ಬರೀ ಬುದ್ಧಿವಾದ ಹೇಳಿದರೆ ಒಂದೊಂದು ಚೀಲ ಅದಿರು ರಾತ್ರಿ ಹೊತ್ತು ಮನೆಗೆ ಬರುವುದು ಖಂಡಿತ.

ಇನ್ನೊಂದು ಸರಳ ಉಪಾಯ ಆಮೇಲಿನ ವರ್ಷಗಳಲ್ಲಿ ಬಂತು: ಗಿರಣಿಯ ಬಾಯಿಗೆ ನೀರಿನ ಮಂಜು ಸಿಂಪಡಿಸುವ ನಳಿಕೆ ಕಟ್ಟುವುದು. ಅದಿರು ಒದ್ದೆಯಾಗಿ ಬಿದ್ದರೆ ಧೂಳು ಏಳುವುದಿಲ್ಲ. ಉತ್ತರ ನೈಜೀರಿಯಾದಲ್ಲಿ ಹೀಗೆ ಮಾಡಿ ಅಳೆದಾಗ ಗಾಳಿಯಲ್ಲಿನ ಸೀಸವೂ, ಶ್ವಾಸಕೋಶ ಕೆಡಿಸುವ ಕಲ್ಲಿನ ಪುಡಿಯೂ ಬಹಳ ಕಡಿಮೆಯಾಯಿತು. ಗಿರಣಿಯವನಿಗೂ ಲಾಭ, ಮೊದಲು ಕೆಮ್ಮುತ್ತಿದ್ದವನು ಅವನೇ. ದುಬಾರಿ ತಂತ್ರಜ್ಞಾನ ಏನೂ ಅಲ್ಲ, ಪಂಪು, ಪೈಪು, ನೀರು.

ಮತ್ತೆ ಒಂದು ಊರು

2015ರ ಮೇ ತಿಂಗಳಲ್ಲಿ ಇದೇ ಕಥೆ ನೈಜೀರಿಯಾದ್ದೇ ಆದ ಪಕ್ಕದ ನೈಜರ್ ರಾಜ್ಯದಲ್ಲಿ ಮರುಕಳಿಸಿತು. ಶಿಕಿರಾ ಎಂಬ ಕಡೆ 28 ಮಕ್ಕಳು ಸತ್ತರು. ಅಲ್ಲೂ ಚಿನ್ನ, ಅಲ್ಲೂ ಸೀಸ ತುಂಬಿದ ಹೊಸ ಪದರ, ಅಲ್ಲೂ ಐದು ವರ್ಷದೊಳಗಿನ ಮಕ್ಕಳು. ಈ ಸಲ ಏನಾಗುತ್ತಿದೆ ಎಂದು ಹೇಳಬಲ್ಲ ಜನ ದೇಶದಲ್ಲೇ ಇದ್ದರು, ಜಂಫಾರಾದಲ್ಲಿ ಪಳಗಿದವರು. ಆದರೂ ಅಗೆತ ನಡೆದದ್ದು 2016ರಲ್ಲಿ. ಅಲ್ಲಿಯವರೆಗೆ ಔಷಧಿಗೆ ಕಾಯಲೇಬೇಕಾಯಿತು.

ಜಂಫಾರಾದಲ್ಲಿ ಸಶಸ್ತ್ರ ಗುಂಪುಗಳ ಹಾವಳಿ ಹೆಚ್ಚಾಗಿ, 2019ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆ ರಾಜ್ಯದ ಗಣಿ ಕೆಲಸವನ್ನೆಲ್ಲ ತಡೆಹಿಡಿಯಿತು. ಅದಕ್ಕೆ ಕಾರಣ ಭದ್ರತೆ, ಮಕ್ಕಳ ಆರೋಗ್ಯ ಅಲ್ಲ. ಎಂಎಸ್‌ಎಫ್ 2022ರಲ್ಲಿ ತನ್ನ ಸೀಸದ ಕಾರ್ಯಕ್ರಮವನ್ನು ಮುಗಿಸಿ ರಾಜ್ಯದ ಕೈಗೆ ಒಪ್ಪಿಸಿತು. ಈಗ ಉಳಿದಿರುವುದು ಬೇಸರದ, ಸುದ್ದಿಯಾಗದ ಕೆಲಸಗಳು: ಹೊಸ ಗುಂಡಿಯಿಂದ ಬಂದ ಅದಿರನ್ನು ರುಬ್ಬುವ ಮೊದಲು ಎಕ್ಸ್‌ಆರ್‌ಎಫ್ ಹಿಡಿದು ನೋಡುವುದು, ಶುದ್ಧ ಮಾಡಿದ ಅಂಗಳಗಳನ್ನು ಆಗಾಗ ಮತ್ತೆ ಅಳೆಯುವುದು, ಆಸ್ಪತ್ರೆಗೆ ಫಿಟ್ಸ್ ಬಂದು ಸೇರಿದ ಚಿಕ್ಕ ಮಗುವಿನ ಮನೆಯಲ್ಲಿ ಯಾರಾದರೂ ಅದಿರಿನ ಕೆಲಸ ಮಾಡುತ್ತಾರಾ ಎಂದು ತಪ್ಪದೆ ಕೇಳುವುದು ಮತ್ತು ಹೌದು ಅಂದರೆ ಮಲೇರಿಯಾ ಪರೀಕ್ಷೆಯ ಜೊತೆಗೇ ಸೀಸದ ಪರೀಕ್ಷೆಗೂ ರಕ್ತ ಕಳಿಸುವುದು.